ಹುಳು ಬಿದ್ದ ಮಾವು: ನೊಣ ಆ ಕಾಯಿಯನ್ನೇ ಯಾಕೆ ಹಿಡಿಯಿತು ಅಂತ ಪತ್ತೆ ಹಚ್ಚುವ ಕೈಪಿಡಿ

ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. "ಟ್ರ್ಯಾಪ್ ಕಟ್ಟಿದೀನಿ, ಡಬ್ಬಿ ತುಂಬಾ ನೊಣ ಬಿದ್ದಿವೆ. ಔಷಧಿನೂ ಹೊಡೆಸಿದೀನಿ. ಆದ್ರೂ ಹಣ್ಣು ಕುಯ್ದರೆ ಒಳಗೆ ಹುಳ." ಇದನ್ನು ಹೇಳುವ ಹೊತ್ತಿಗೆ ಬಾದಾಮಿ ಮಾವು ಅರ್ಧ ಮಂಡಿ ಸೇರಿರುತ್ತದೆ, ಮಳೆ ಎರಡು ಸಲ ಬಂದು ಹೋಗಿರುತ್ತದೆ, ಔಷಧಿ ಅಂಗಡಿಯವರು ಇನ್ನೊಂದು ಬಾಟಲಿ ತೆಗೆದು ಮುಂದೆ ಇಟ್ಟಿರುತ್ತಾರೆ.

ಬಾಟಲಿ ಸ್ವಲ್ಪ ಹೊತ್ತು ಅಲ್ಲೇ ಇರಲಿ. ಮೊಟ್ಟೆ ಇಟ್ಟದ್ದು ಒಂದು ಹೆಣ್ಣು ನೊಣ. ಅದು ಸುತ್ತಲಿನ ನೂರು ಕಾಯಿ ಬಿಟ್ಟು ಈ ಕಾಯಿಗೇ ಬಂತು ಅಂದರೆ ಕಾರಣ ಇರುತ್ತದೆ. ವಾಸನೆ ಇರಬಹುದು, ಬಣ್ಣ ಇರಬಹುದು, ಸಿಪ್ಪೆ ಮೆತ್ತಗಾಗಿರಬಹುದು, ಎಲ್ಲೋ ಒಂದು ಗಾಯ ಇರಬಹುದು. ಆ ಕಾರಣ ಸಿಕ್ಕರೆ ನಮ್ಮ ಕೆಲಸದಲ್ಲಿ ಎಲ್ಲಿ ತಪ್ಪಿದೆ ಅನ್ನುವುದೂ ಸಿಗುತ್ತದೆ. ಇಲ್ಲಿ ಮಾವನ್ನೇ ಮುಂದಿಟ್ಟುಕೊಂಡು ಬರೆದಿದ್ದೇನೆ. ಸೀಬೆ, ಸಪೋಟ, ಹಾಗಲ ಬೆಳೆಯುವವರಿಗೂ ಬಹುಪಾಲು ಹೊಂದುತ್ತದೆ. ಹೊಂದದ ಕಡೆ ಅಲ್ಲಲ್ಲೇ ಹೇಳುತ್ತೇನೆ.

ಮೊದಲು, ಇದು ನೊಣದ ಕೆಲಸವೇ ಹೌದಾ?

ಹಣ್ಣು ಕೆಟ್ಟಿತು ಅಂದ ಕೂಡಲೇ ಎಲ್ಲರೂ ಊಜಿ, ಅಂದರೆ ಹಣ್ಣಿನ ನೊಣ, ಅಂತ ಬಯ್ಯುತ್ತಾರೆ. ಚಾಕು ಹಾಕಿ ನೋಡಿ. ತಿರುಳಿನಲ್ಲಿ ಕೆನೆ ಬಣ್ಣದ, ಕಾಲಿಲ್ಲದ ಹುಳು ಇದ್ದು, ಒಂದು ತುದಿ ಚೂಪು ಇನ್ನೊಂದು ತುದಿ ಮೊಂಡಾಗಿದ್ದರೆ ಅದು ಹಣ್ಣಿನ ನೊಣದ ಮರಿ. ಬಲಿತ ಹುಳುವನ್ನು ತಟ್ಟೆಗೆ ಹಾಕಿದರೆ ಮೈ ಬಾಗಿಸಿ ಎರಡೂ ತುದಿ ಸೇರಿಸಿ ಪಟ್ ಅಂತ ಎಗರುತ್ತದೆ. ಹೀಗೆ ಎಗರುವುದನ್ನು ಕಂಡರೆ ಅನುಮಾನ ಇಟ್ಟುಕೊಳ್ಳಬೇಕಿಲ್ಲ.

ತಿರುಳು ಚೆನ್ನಾಗಿದೆ, ಓಟೆ ಒಡೆದರೆ ಅದರೊಳಗೆ ಹುಳು ಅಥವಾ ಕಂದು ದುಂಬಿ ಇದೆ ಅಂದರೆ ಅದು ಓಟೆ ಕೊರಕ. ಅದು ಕಾಯಿ ಎಳಸಾಗಿದ್ದಾಗಲೇ ಹೊಕ್ಕಿರುತ್ತದೆ, ನೊಣದ ಟ್ರ್ಯಾಪಿಗೆ ಬೀಳುವುದಿಲ್ಲ. ಹುಳುವೇ ಇಲ್ಲ, ಬಾದಾಮಿಯ ತಿರುಳು ಓಟೆಯ ಪಕ್ಕ ಬೆಳ್ಳಗೆ ಸ್ಪಂಜಿನ ಹಾಗಾಗಿ ಹುಳಿ ವಾಸನೆ ಬರುತ್ತಿದೆ ಅಂದರೆ ಅದು ಕೀಟವೇ ಅಲ್ಲ, ಆ ತಳಿಗೆ ಅಂಟಿಕೊಂಡ ಶರೀರದ ದೋಷ. ಸಿಪ್ಪೆಯ ಮೇಲೆ ಕಪ್ಪು ಕಲೆ ಹರಡಿ ಒಳಕ್ಕೆ ಇಳಿದಿದ್ದರೆ ಚಿಬ್ಬು ರೋಗ. ಈ ಮೂರಕ್ಕೂ ನೊಣದ ಮದ್ದು ಹೊಡೆದರೆ ದುಡ್ಡು ಮಣ್ಣಿಗೆ.

ಇನ್ನೊಂದು ಗೊಂದಲ ಕಾಯಿಯನ್ನು ಹಣ್ಣಾಗಲು ಅಡೆ ಹಾಕುವ ಕೋಣೆಯದ್ದು. ಅಲ್ಲಿ ಗುಂಪು ಗುಂಪಾಗಿ ಹಾರಾಡುವ, ಕೆಂಪು ಕಣ್ಣಿನ ಚಿಕ್ಕ ನೊಣಗಳು ಡ್ರೊಸೊಫಿಲಾ. ಅವು ಹುಳಿ ಬಂದ ಹಣ್ಣಿಗೆ ಬರುವಂಥವು. ಗಟ್ಟಿ ಸಿಪ್ಪೆ ಚುಚ್ಚುವ ಶಕ್ತಿ ಅವಕ್ಕಿಲ್ಲ. ಈ ಕುಲದಲ್ಲೂ ಒಂದು ಪುಂಡ ಇದೆ: ಡ್ರೊಸೊಫಿಲಾ ಸುಜುಕಿ. ಅದರ ಹೆಣ್ಣಿಗೆ ಗರಗಸದಂಥ ಮೊಟ್ಟೆನಾಳ ಇರುವುದರಿಂದ ಗಿಡದಲ್ಲೇ ಇರುವ ಚೆರಿ, ಸ್ಟ್ರಾಬೆರಿಯನ್ನು ಕುಯ್ದು ಮೊಟ್ಟೆ ಇಡುತ್ತದೆ. 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲೂ ಯುರೋಪಿನಲ್ಲೂ ಕಾಣಿಸಿಕೊಂಡು ಅಲ್ಲಿಯ ಬೆಳೆಗಾರರ ನಿದ್ದೆ ಕೆಡಿಸಿತು. ನಮ್ಮ ಮಾವಿನ ವಿಷಯಕ್ಕೆ ಅದು ಬೇಡ. ನಮ್ಮ ತೊಂದರೆಯ ನೊಣ ಬೇರೆ, ಗಾತ್ರದಲ್ಲಿ ಮನೆ ನೊಣದಷ್ಟಿದ್ದು, ನಡು ಸಣ್ಣಗಿದ್ದು, ಕಣಜದ ಹಾಗೆ ಕಾಣುತ್ತದೆ: ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್ ಮತ್ತು ಅದರ ಒಂದಿಬ್ಬರು ನೆಂಟರು.

ಹುಳುವಿನ ಉದ್ದ ನೋಡಿ ದಿನ ಲೆಕ್ಕ ಹಾಕಿ

ಇದನ್ನು ಯಾರೂ ಮಾಡುವುದಿಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ಪರೀಕ್ಷೆ ಇದೇ. ತಪ್ಪು ತೋಟದಲ್ಲಿ ಆಯಿತೋ ಕೋಣೆಯಲ್ಲಿ ಆಯಿತೋ ಅಂತ ಇದು ಹೇಳುತ್ತದೆ.

ನಮ್ಮ ಬೇಸಿಗೆಯ ಬಿಸಿಗೆ ಮೊಟ್ಟೆ ಒಡೆಯಲು ಒಂದೆರಡು ದಿನ ಸಾಕು. ಮೊಟ್ಟೆ ಒಂದು ಮಿಲಿಮೀಟರ್ ಉದ್ದದ, ಸ್ವಲ್ಪ ಬಾಗಿದ ಬಿಳಿ ಕಡ್ಡಿ. ಸಿಪ್ಪೆಯ ಕೆಳಗೇ ಗೊಂಚಲಾಗಿರುತ್ತದೆ. ಹುಳು ತಿಂದು ಬಲಿಯಲು ಒಂದು ವಾರದಿಂದ ಹತ್ತು ದಿನ ಬೇಕು. ಆಗ ಅದರ ಉದ್ದ 8ರಿಂದ 10 ಮಿಲಿಮೀಟರ್. ಆಮೇಲೆ ಹಣ್ಣಿನಿಂದ ಹೊರಬಿದ್ದು ಮಣ್ಣಿನಲ್ಲಿ ಕೆಲವೇ ಸೆಂಟಿಮೀಟರ್ ಆಳಕ್ಕೆ ಇಳಿದು ಕಂದು ಕೋಶವಾಗುತ್ತದೆ. ಸುಮಾರು 8ರಿಂದ 12 ದಿನಕ್ಕೆ ನೊಣವಾಗಿ ಮೇಲೆ ಬರುತ್ತದೆ.

ಈಗ ಲೆಕ್ಕ ಹಾಕಿ. ಮರದಿಂದ ಕಾಯಿ ಇಳಿಸಿ ಎರಡು ದಿನ ಆಗಿದೆ, ಒಳಗೆ ಬೆರಳುಗುರಿನ ಅಗಲಕ್ಕೆ ಸಮನಾದ ಹುಳು ಇದೆ. ಅಂದರೆ ಕೊಯ್ಲಿಗೆ ಕಡಿಮೆ ಅಂದರೂ ಐದಾರು ದಿನ ಮುಂಚೆ ಮೊಟ್ಟೆ ಬಿದ್ದಿದೆ. ತಪ್ಪು ತೋಟದ್ದು. ಕಾಯಿ ಇಳಿಸಿ ಒಂಬತ್ತು ದಿನ ಆಗಿದೆ, ಆದರೆ ಒಳಗಿರುವುದು ಅಕ್ಕಿ ನುಚ್ಚಿನಷ್ಟು ಸಣ್ಣ ಹುಳು. ಆಗ ನೊಣ ಬಂದದ್ದು ಅಡೆ ಹಾಕಿದ ಕೋಣೆಗೆ. ಕಿಟಕಿಗೆ ಬಲೆ ಇದೆಯಾ, ಹಿಂದಿನ ಸಾಲಿನ ಕೊಳೆತ ಹಣ್ಣು ಮೂಲೆಯಲ್ಲಿ ಉಳಿದಿದೆಯಾ ಅಂತ ಮೊದಲು ನೋಡಿ. ಅದು ಬಿಟ್ಟು ಮರಕ್ಕೆ ಔಷಧಿ ಹೊಡೆದು ಏನು ಪ್ರಯೋಜನ?

ಒಂದೇ ಹಣ್ಣಿನಲ್ಲಿ ದೊಡ್ಡ ಹುಳು, ಚಿಕ್ಕ ಹುಳು ಎರಡೂ ಇದ್ದರೆ ಬೇರೆ ಬೇರೆ ದಿನ ಬೇರೆ ಬೇರೆ ನೊಣ ಬಂದು ಹೋಗಿವೆ ಅಂತ ಅರ್ಥ. ಅಂಥ ಹಣ್ಣಿನ ಮೈಮೇಲೆ ಗಾಯ ಹುಡುಕಿ, ಬಹಳ ಸಲ ಸಿಗುತ್ತದೆ. ಒಂದು ಎಚ್ಚರ: ತಂಪು ಜಾಸ್ತಿ ಇದ್ದರೆ, ಕಾಯಿ ಇನ್ನೂ ಗಟ್ಟಿ ಇದ್ದರೆ ಹುಳು ನಿಧಾನ ಬೆಳೆಯುತ್ತದೆ. ಹಾಗಾಗಿ ಒಂದೆರಡು ದಿನ ಆಚೀಚೆ ಇಟ್ಟುಕೊಳ್ಳಿ.

ಹೆಣ್ಣು ನೊಣ ಕಾಯಿಯನ್ನು ಆರಿಸುವ ಬಗೆ

ಡಾರ್ಸಾಲಿಸ್ ಹೊಟ್ಟೆಬಾಕ. 250ಕ್ಕೂ ಹೆಚ್ಚು ಬಗೆಯ ಹಣ್ಣು ತರಕಾರಿಯಲ್ಲಿ ಮರಿ ಮಾಡಬಲ್ಲದು. ಆದರೆ ಸಿಕ್ಕಿದ್ದಕ್ಕೆಲ್ಲ ಚುಚ್ಚುವುದಿಲ್ಲ. ಹತ್ತಿರ ಬಂದಷ್ಟೂ ಪರೀಕ್ಷೆ ಬಿಗಿಯಾಗುತ್ತದೆ.

ದೂರದಿಂದ ಅದನ್ನು ಎಳೆಯುವುದು ವಾಸನೆ. ಕಾಯಿ ಬಲಿತು ದೋರೆಗಾಯಿ ಆಗುತ್ತಾ ಬಂದ ಹಾಗೆ ಮಾವು ಬೇರೆ ಬೇರೆ ಆವಿಗಳನ್ನು ಬಿಡುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆ ಆವಿಗಳನ್ನು ಒಂದೊಂದಾಗಿ ಬಿಡಿಸಿ ಹೆಣ್ಣು ನೊಣಗಳ ಮುಂದಿಟ್ಟರು. ಗಾಮಾ ಆಕ್ಟಾಲ್ಯಾಕ್ಟೋನ್ ಅನ್ನುವ ಒಂದು ವಸ್ತುವಿಗೆ ನೊಣ ಹುಟ್ಟಿನಿಂದಲೇ ಸೋಲುತ್ತದೆ ಅಂತ 2014ರಲ್ಲಿ ಪ್ರಕಟಿಸಿದರು. ಮಾವಿನ ಪರಿಚಯವೇ ಇಲ್ಲದ ನೊಣವೂ ಆ ವಾಸನೆ ಬಂದ ಕಡೆ ಮೊಟ್ಟೆ ಇಡಲು ಮುಂದಾಗುತ್ತದೆ. ಕಲಿತು ಬರುವ ಪಾಠವಲ್ಲ ಅದು, ಮೈಯಲ್ಲೇ ಬಂದದ್ದು.

ತೋಟದ ಮಾತಿಗೆ ಬಂದರೆ ಇದರ ಅರ್ಥ ಸರಳ. ಮರದಲ್ಲಿ ಹಣ್ಣಾಗಲು ಬಿಟ್ಟ ಒಂದೊಂದು ಕಾಯಿಯೂ ಅಕ್ಕಪಕ್ಕದ ನೊಣಕ್ಕೆ ಕರೆಯೋಲೆ. "ರೇಟು ಏರಲಿ, ನಾಲ್ಕು ದಿನ ಬಿಡೋಣ" ಅಂತ ಕಾದ ತೋಟದಲ್ಲೇ ಹುಳು ಜಾಸ್ತಿ. ಹಾಗಾಗಿ ಪತ್ತೆ ಮಾಡುವಾಗ ಮೊದಲ ಪ್ರಶ್ನೆ: ಹುಳು ಬಿದ್ದದ್ದು ಬಲಿತ ಹಸಿರು ಕಾಯಿಗೋ, ಭುಜ ಹಳದಿ ತಿರುಗಿದ ಕಾಯಿಗೋ? ಎರಡನೆಯದಾದರೆ ಕೊಯ್ಲು ತಡ ಆಗಿದೆ. ಮೊದಲನೆಯದಾದರೆ ನೊಣದ ಸಂಖ್ಯೆಯೇ ವಿಪರೀತ ಇದೆ, ಅಥವಾ ಸಿಪ್ಪೆಗೆ ಪೆಟ್ಟಾಗಿದೆ. ನೀಲಂ, ಮಲ್ಲಿಕಾ ಥರದ ತಡವಾಗಿ ಬರುವ ತಳಿಗೆ ಎರಡು ಕಷ್ಟವೂ ಒಟ್ಟಿಗೆ ಬರುತ್ತದೆ. ಅಷ್ಟು ಹೊತ್ತಿಗೆ ಮೊದಲ ಕೊಯ್ಲಿನ ಹಣ್ಣಿನಲ್ಲಿ ಬೆಳೆದ ತಲೆಮಾರು ರೆಕ್ಕೆ ಬಿಚ್ಚಿರುತ್ತದೆ, ಮುಂಗಾರು ಮಳೆಗೆ ಮಣ್ಣು ಹದವಾಗಿ ಕೋಶಗಳೂ ಸಲೀಸಾಗಿ ಒಡೆದಿರುತ್ತವೆ.

ಹತ್ತಿರ ಬಂದ ಮೇಲೆ ಕಣ್ಣಿನ ಕೆಲಸ. ಹಳದಿ ಬಣ್ಣ, ಗುಂಡನೆಯ ಆಕಾರ ಇದ್ದರೆ ಮೊದಲು ಅಲ್ಲಿಗೇ ಇಳಿಯುತ್ತದೆ. ಕಾಯಿಗೆ ಕಾಗದದ ಕವರ್ ಹಾಕಿದರೆ ಕೆಲಸ ಆಗುವುದು ಇದಕ್ಕೇ. ಬಣ್ಣ, ಆಕಾರ ಮರೆಯಾಗುತ್ತದೆ, ಕಾಲಿಗೆ ಸಿಪ್ಪೆ ಸಿಗುವುದಿಲ್ಲ. ಕವರ್ ಹಾಕಿದರೂ ಹುಳು ಬಿತ್ತು ಅನ್ನುವವರ ತೋಟದಲ್ಲಿ ಕವರ್ ಹಾಕಿದ್ದು ಯಾವಾಗ ಅಂತ ಕೇಳಿ. ಕಾಯಿ ಬಲಿತ ಮೇಲೆ ಹಾಕಿದ್ದರೆ ನೊಣದ ಮೊಟ್ಟೆಗೂ ಸೇರಿಸಿ ಹೊದಿಕೆ ಹೊದಿಸಿದ ಹಾಗೆ ಆಗಿರುತ್ತದೆ. ಕೋಳಿಮೊಟ್ಟೆ ಗಾತ್ರ ಇದ್ದಾಗಲೇ ಹಾಕಬೇಕು.

ಇಳಿದ ಮೇಲೆ ಏನು ಮಾಡುತ್ತದೆ ಅನ್ನುವುದನ್ನು ಒಂದು ಮಧ್ಯಾಹ್ನ ಸುಮ್ನೆ ನಿಂತು ನೋಡಿ, ಬೆಲೆಯುಳ್ಳ ಹೊತ್ತು ಅದು. ಹೆಣ್ಣು ಕಾಯಿಯ ಮೇಲೆ ಅತ್ತಿತ್ತ ನಡೆಯುತ್ತದೆ. ಬಾಯಿ ತಾಗಿಸಿ ರುಚಿ ನೋಡುತ್ತದೆ. ಕಾಲಿನಲ್ಲೂ ಅದಕ್ಕೆ ರುಚಿ ತಿಳಿಯುತ್ತದೆ. ಆಮೇಲೆ ಹೊಟ್ಟೆಯ ತುದಿಯನ್ನು ಕೆಳಗೆ ಬಾಗಿಸಿ, ಸೂಜಿಯಂಥ ಮೊಟ್ಟೆನಾಳವನ್ನು ಸಿಪ್ಪೆಗೆ ಒತ್ತಿ ನೋಡುತ್ತದೆ. ಗಟ್ಟಿ ಅನಿಸಿದರೆ ಎತ್ತಿ ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ಒತ್ತುತ್ತದೆ. ಹೊಂದಿದ ಜಾಗ ಸಿಕ್ಕಿತೋ, ಆಗ ಅಲುಗಾಡದೆ ನಿಲ್ಲುತ್ತದೆ. ಆ ನಿಲುಗಡೆಯಲ್ಲೇ ಮೊಟ್ಟೆ ಒಳಗಿಳಿಯುತ್ತದೆ. ಅದು ಹಾರಿದ ಮೇಲೆ ಆ ಜಾಗದಲ್ಲಿ ಸೊನೆಯ ಒಂದು ಸಣ್ಣ ಹನಿ ನಿಂತಿರುತ್ತದೆ. ಒಂದೆರಡು ದಿನಕ್ಕೆ ಅದು ಕಂದು ಚುಕ್ಕೆ, ಇನ್ನಷ್ಟು ದಿನಕ್ಕೆ ಬೆರಳು ಒತ್ತಿದರೆ ತಗ್ಗಾಗುವ ಮೆತ್ತನೆ ಕಲೆ. ಸೀಬೆಯಲ್ಲಿ ಕಡು ಹಸಿರು ಗುಳಿ ಬೀಳುತ್ತದೆ. ಹಾಗಲ, ಹೀರೆ ಎಳೆಯ ಕಾಯಿಗಳು ಚುಚ್ಚಿದ ಕಡೆ ಅಂಟು ಬಿಟ್ಟು ಸೊಟ್ಟಗಾಗುತ್ತವೆ.

ಸಿಪ್ಪೆ ಒತ್ತಿ ನೋಡುವ ಈ ಪರೀಕ್ಷೆಯಲ್ಲಿ ಸೋತು ಎಷ್ಟೋ ಕಾಯಿ ಬಚಾವಾಗುತ್ತವೆ. ಬಲಿತ ಹಸಿರು ಬಾಳೆಕಾಯಿಗೆ ನೊಣ ಬಾರದು, ಹಣ್ಣಾದರೆ ಬರುತ್ತದೆ. ಪರಂಗಿಯ ಹಸಿರು ಕಾಯಿಯ ಹಾಲಿನಲ್ಲಿ ಬೆಂಜೈಲ್ ಐಸೋಥಯೋಸಯನೇಟ್ ಅನ್ನುವ ಖಾರದ ವಸ್ತು ಇರುತ್ತದೆ, ಅದು ಮೊಟ್ಟೆಗೆ ವಿಷ. ಕಾಯಿ ಹಣ್ಣಾದ ಹಾಗೆ ಅದು ಇಳಿಯುತ್ತದೆ. ಅದಕ್ಕೇ ಹವಾಯಿಯಲ್ಲಿ ಪರಂಗಿಯನ್ನು ಕಾಲು ಭಾಗ ಹಳದಿ ಆಗುವ ಮುಂಚೆಯೇ ಕೀಳುವ ರೂಢಿ ಬಂತು. ಮಾವಿನ ಸಿಪ್ಪೆಯ ಸೊನೆ ನಾಳಗಳೂ ಕಾಯಿ ಹಸಿರಿದ್ದಷ್ಟು ದಿನ ಇದೇ ಕಾವಲು ಮಾಡುತ್ತವೆ.

ಕಾವಲು ಮುರಿಯುವುದು ಗಾಯ. ಇಲ್ಲಿ ನಮ್ಮ ನೊಣದ ಗುಣ ಸ್ವಲ್ಪ ವಿಚಿತ್ರ. ಅಮೆರಿಕದ ಸೇಬಿನ ನೊಣ ಮೊಟ್ಟೆ ಇಟ್ಟ ಮೇಲೆ ಮೊಟ್ಟೆನಾಳವನ್ನು ಹಣ್ಣಿನ ಮೇಲೆ ಎಳೆದುಕೊಂಡು ಹೋಗಿ, "ಈ ಹಣ್ಣು ತುಂಬಿದೆ" ಅಂತ ವಾಸನೆಯ ಗುರುತು ಬಿಡುತ್ತದೆ. ಆಮೇಲೆ ಬಂದ ಹೆಣ್ಣು ಅದನ್ನು ಓದಿಕೊಂಡು ಬೇರೆ ಹಣ್ಣಿಗೆ ಹೋಗುತ್ತದೆ. ನಮ್ಮ ಡಾರ್ಸಾಲಿಸ್‌ಗೆ ಅಂಥ ಮರ್ಯಾದೆ ಇಲ್ಲ. ಮೊದಲೇ ಇರುವ ತೂತು, ಬಿರುಕು ಸಿಕ್ಕರೆ ಹೊಸದಾಗಿ ಚುಚ್ಚುವ ಶ್ರಮ ಉಳಿಯಿತು ಅಂತ ಅಲ್ಲೇ ಇಡುತ್ತದೆ. ಅಳಿಲು ಕಚ್ಚಿದ, ಗಿಳಿ ಕುಕ್ಕಿದ, ಆಲಿಕಲ್ಲು ಬಿದ್ದ, ಕೊಂಬೆಗೆ ಉಜ್ಜಿದ ಕಾಯಿಗಳು ಹೀಗೆ ಹಲವು ನೊಣಗಳ ಹೆರಿಗೆ ಕೋಣೆ ಆಗುತ್ತವೆ. ಕಿತ್ತಳೆ, ಮೋಸಂಬಿಯಲ್ಲಿ ರಾತ್ರಿ ಬಂದು ರಸ ಹೀರುವ ಪತಂಗ ಗುಂಡಗಿನ ತೂತು ಮಾಡಿ ಹೋಗುತ್ತದೆ, ಅದರಲ್ಲೂ ನೊಣ ಬಂದು ಮೊಟ್ಟೆ ಇಡಬಹುದು. ಆಗ ಹುಳು ಕಂಡು ನೊಣಕ್ಕೆ ಮದ್ದು ಮಾಡಿದರೆ ಮೂಲ ಕಳ್ಳ ತಪ್ಪಿಸಿಕೊಂಡ ಹಾಗೆ.

ಟ್ರ್ಯಾಪ್ ತುಂಬಿದೆ, ಹುಳು ನಿಂತಿಲ್ಲ: ಡಬ್ಬಿ ಬಿಚ್ಚಿ

ಬಿದ್ದ ನೊಣಗಳನ್ನು ಬಿಳಿ ಹಾಳೆಯ ಮೇಲೆ ಸುರಿಯಿರಿ. ಹೊಟ್ಟೆಯ ತುದಿ ನೋಡಿ. ಚೂಪಾಗಿ ಸೂಜಿ ಮೂಡಿದ್ದರೆ ಹೆಣ್ಣು, ಮೊಂಡಾಗಿದ್ದರೆ ಗಂಡು. ಮಾವಿನ ತೋಟದ ಟ್ರ್ಯಾಪಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಮೊಂಡು ಬಾಲದವೇ ಸಿಗುತ್ತವೆ. ಯಾಕೆಂದರೆ ಅದರಲ್ಲಿರುವ ಮಿಥೈಲ್ ಯೂಜಿನಾಲ್ ಅನ್ನುವ ವಾಸನೆಯ ಮದ್ದು ಎಳೆಯುವುದು ಗಂಡನ್ನು ಮಾತ್ರ. ಇದು ಹಳೆಯ ಸಂಗತಿ; ಬಿಹಾರದ ಪೂಸಾದಲ್ಲಿ ಕೆಲಸ ಮಾಡುತ್ತಿದ್ದ ಹೌಲೆಟ್ ಅನ್ನುವ ಕೀಟಶಾಸ್ತ್ರಜ್ಞರು 1915ರಲ್ಲೇ ಬರೆದರು. ತುಳಸಿಯಲ್ಲೂ ಈ ವಸ್ತು ಇದೆ. ಮಾವಿನ ತೋಪಿನ ಪಕ್ಕದ ಮನೆಯ ತುಳಸಿಕಟ್ಟೆಗೆ ಈ ನೊಣ ಬರುವುದು ಅದಕ್ಕೇ.

ಮೊಟ್ಟೆ ಇಡುವವಳು ಹೆಣ್ಣು, ಬೀಳುತ್ತಿರುವವನು ಗಂಡು. ಗಂಡುಗಳನ್ನು ಬಹುಪಾಲು ಮುಗಿಸಿದರೆ ಮಾತ್ರ ಹೆಣ್ಣಿಗೆ ಜೋಡಿ ತಪ್ಪುತ್ತದೆ, ಯಾಕೆಂದರೆ ಒಂದು ಗಂಡು ಹಲವು ಹೆಣ್ಣಿನ ಜೊತೆ ಸೇರುತ್ತದೆ. ಎಕರೆಗೆ 6ರಿಂದ 10 ಟ್ರ್ಯಾಪ್ ಬೇಕಾದ ಕಡೆ ಎರಡು ಕಟ್ಟಿದರೆ, ಅಥವಾ ಹುಳು ಕಂಡ ಮೇಲೆ ಕಟ್ಟಿದರೆ, ನೊಣ ಎಷ್ಟಿದೆ ಅಂತ ಗೊತ್ತಾಗುತ್ತದೆ, ಅಷ್ಟೇ. ಪಕ್ಕದ ತೋಟದಲ್ಲಿ ಆಗಲೇ ಜೋಡಿಯಾಗಿ ಬಂದ ಹೆಣ್ಣಿಗೆ ನಿಮ್ಮ ಟ್ರ್ಯಾಪ್ ಲೆಕ್ಕಕ್ಕೇ ಇಲ್ಲ. ಆದ್ದರಿಂದ ಡಬ್ಬಿ ತುಂಬಿದ್ದನ್ನು ನೋಡಿ ಖುಷಿ ಪಡಬೇಡಿ. ಅದು ಎಚ್ಚರಿಕೆ.

ಡಬ್ಬಿ ಖಾಲಿ ಇದ್ದರೂ ನಂಬಬೇಡಿ. ಟ್ರ್ಯಾಪಿನೊಳಗಿನ ಮರದ ಬಿಲ್ಲೆಗೆ ಹೀರಿಸಿದ ಈ ಮದ್ದು ಆರಿಹೋಗಿರಬಹುದು, ತಿಂಗಳು ಒಂದೂವರೆ ತಿಂಗಳಿಗೆ ಬದಲಿಸಬೇಕು. ಇಲ್ಲವೇ ಇರುವೆಗಳು ದಾರ ಹಿಡಿದು ಇಳಿದು ಸತ್ತ ನೊಣ ಹೊತ್ತೊಯ್ದಿರಬಹುದು. ದಾರಕ್ಕೆ ಒಂದಿಷ್ಟು ಗ್ರೀಸ್ ಹಚ್ಚಿದರೆ ಆ ಅನುಮಾನ ತೀರುತ್ತದೆ.

ಹಾಗಲ, ಹೀರೆ, ಸೌತೆ, ಕುಂಬಳದವರು ಮಾವಿನ ಟ್ರ್ಯಾಪನ್ನೇ ತಂದು ಕಟ್ಟುವುದು ಬಹಳ ಕಡೆ ನಡೆಯುತ್ತದೆ. ಬಳ್ಳಿ ತರಕಾರಿಯ ನೊಣ ಬೇರೆ ಜಾತಿ. ಅದರ ಗಂಡು ಬರುವುದು ಕ್ಯೂ ಲೂರ್ ಅನ್ನುವ ಬೇರೆ ವಾಸನೆಯ ಮದ್ದಿಗೆ, ಮಿಥೈಲ್ ಯೂಜಿನಾಲ್‌ಗಲ್ಲ. ಯಾವ ನೊಣ ಅಂತ ತಿಳಿಯಲು ಹುಳು ಬಿದ್ದ ಕಾಯನ್ನು ಒದ್ದೆ ಮರಳು ಹಾಸಿದ ಡಬ್ಬಿಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿಡಿ. ಎರಡು ಮೂರು ವಾರಕ್ಕೆ ನೊಣ ಎದ್ದು ಬರುತ್ತದೆ. ಬೆನ್ನು ಕಪ್ಪಾಗಿದ್ದು ಎರಡೂ ಪಕ್ಕ ಹಳದಿ ಪಟ್ಟೆ, ಹೊಟ್ಟೆಯ ಮೇಲೆ ಇಂಗ್ಲಿಷಿನ ಟಿ ಅಕ್ಷರದ ಥರ ಕಪ್ಪು ಗೆರೆ, ರೆಕ್ಕೆ ತಿಳಿ ಇದ್ದರೆ ಡಾರ್ಸಾಲಿಸ್. ಮೈ ಕೆಂಗಂದು, ಬೆನ್ನ ನಡುವೆಯೂ ಒಂದು ಹಳದಿ ಗೆರೆ, ರೆಕ್ಕೆಯಲ್ಲಿ ಕಂದು ಕಲೆ ಇದ್ದರೆ ಬಳ್ಳಿಯ ನೊಣ.

ಬಳ್ಳಿಯ ನೊಣಕ್ಕೆ ಇನ್ನೊಂದು ಚಾಳಿ ಇದೆ. ಅದು ಬಳ್ಳಿಯಲ್ಲಿ ವಾಸ ಇರುವುದಿಲ್ಲ. ಅಂಚಿನ ಜೋಳ, ಮುಸುಕಿನ ಜೋಳ, ಹರಳು ಗಿಡಗಳ ನೆರಳಲ್ಲಿ ತಂಗಿದ್ದು, ಮೊಟ್ಟೆ ಇಡುವ ಹೊತ್ತಿಗೆ ಮಾತ್ರ ಹೊಲಕ್ಕೆ ಬರುತ್ತದೆ. ಬಳ್ಳಿಯ ಮೇಲೆ ಎಷ್ಟು ಹೊಡೆದರೂ ನಿಲ್ಲಲಿಲ್ಲ ಅನ್ನುವವರು ಆ ಅಂಚಿನ ಗಿಡಗಳ ಎಲೆ ಕೆಳಗೆ ಒಮ್ಮೆ ನೋಡಬೇಕು.

ಪತ್ತೆಯಾದ ಮೇಲೆ

ಕಾರಣ ಸಿಕ್ಕಿದರೆ ಮದ್ದು ಸರಳ, ಆದರೆ ಬೇಜಾರಿನ ಕೆಲಸ. ಉದುರಿದ ಹಣ್ಣು ದಿನಾ ಹೆಕ್ಕಬೇಕು. ಹೆಕ್ಕಿದ್ದನ್ನು ಗೊಬ್ಬರದ ಗುಂಡಿಗೆ ಎಸೆಯುವುದು ಅಂದರೆ ನೊಣಕ್ಕೆ ಮನೆ ಕಟ್ಟಿಕೊಟ್ಟ ಹಾಗೆ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಾಯಿ ಬಿಗಿದು ಬಿಸಿಲಿಗಿಡಿ, ಇಲ್ಲ ಎರಡು ಅಡಿಗಿಂತ ಆಳಕ್ಕೆ ಹೂಳಿ. ಮರದ ಬುಡದ ಮೇಲ್ಮಣ್ಣನ್ನು ಕೆದಕಿದರೆ ಕೋಶಗಳು ಬಿಸಿಲಿಗೂ ಇರುವೆಗೂ ಹಕ್ಕಿಗೂ ಸಿಗುತ್ತವೆ. ಹೆಣ್ಣನ್ನು ಹಿಡಿಯಬೇಕು ಅಂದರೆ ಅದರ ಹಸಿವನ್ನು ಹಿಡಿಯಬೇಕು: ಹೊಸದಾಗಿ ಎದ್ದ ಹೆಣ್ಣಿಗೆ ಮೊಟ್ಟೆ ಬಲಿಯಲು ಪ್ರೋಟೀನ್ ಬೇಕು, ಅದನ್ನು ಹುಡುಕಿಕೊಂಡು ತಿರುಗುತ್ತದೆ. ಅದಕ್ಕೇ ಪ್ರೋಟೀನ್ ಅಥವಾ ಬೆಲ್ಲದ ಜೊತೆ ಶಿಫಾರಸಾದ ಕೀಟನಾಶಕ ಬೆರೆಸಿ ಕಾಂಡ, ಅಂಚಿನ ಗಿಡಗಳಿಗೆ ಅಲ್ಲಲ್ಲಿ ಚಿಮುಕಿಸುವುದು ಇಡೀ ಮರ ತೊಯ್ಯಿಸುವುದಕ್ಕಿಂತ ಮೇಲು. ಪ್ರಮಾಣ, ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅನ್ನುವುದು ಲೇಬಲ್ಲಿನಲ್ಲಿರುತ್ತದೆ, ಓದಿ.

ಹುಳು ಬಿದ್ದ ಕಾಯಿಗಳು ಎಲ್ಲಿವೆ ಅಂತ ಒಂದು ಚೀಟಿಯಲ್ಲಿ ಸಾಲಿನ ಪ್ರಕಾರ ಗುರುತು ಹಾಕಿಕೊಳ್ಳಿ. ಒಂದೇ ಅಂಚಿನ ಸಾಲಿಗೆ ಬಿದ್ದಿದ್ದರೆ ಬೇಲಿಯಾಚೆ ಸೀಬೆ ಗಿಡವೋ, ಕೇಳುವವರಿಲ್ಲದ ಹಳೆ ಮಾವಿನ ಮರವೋ ಇರುತ್ತದೆ. ಅಲ್ಲಿ ಪಕ್ಕದವರ ಜೊತೆ ಮಾತಾಡದೆ ಬೇರೆ ದಾರಿ ಇಲ್ಲ. ಟ್ರ್ಯಾಪಿನ ಖರ್ಚು ಇಬ್ಬರೂ ಹಂಚಿಕೊಂಡರೆ ಒಬ್ಬರೇ ಕಟ್ಟಿದ್ದಕ್ಕಿಂತ ಒಳ್ಳೆಯ ಫಲ ಕೊಡುತ್ತದೆ.

ಕೊಯ್ಲಾದ ಮೇಲೂ ಒಂದು ಅವಕಾಶ ಇದೆ. ಕೆಲವು ದೇಶಗಳಿಗೆ ರಫ್ತಾಗುವ ಮಾವನ್ನು 48 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ಇಡುತ್ತಾರೆ. ಮೊಟ್ಟೆ, ಹುಳು ಎರಡೂ ಸಾಯುತ್ತವೆ. ಹಣ್ಣಿನ ನೊಣ ಸಿಕ್ಕಿತು ಅಂತ ಯುರೋಪಿಯನ್ ಒಕ್ಕೂಟ 2014ರ ಮೇ ತಿಂಗಳಲ್ಲಿ ಭಾರತದ ಮಾವನ್ನೇ ನಿಷೇಧಿಸಿ, 2015ರ ಆರಂಭದಲ್ಲಿ ನಿಷೇಧ ತೆಗೆದ ಮೇಲೆ ಇಂಥ ಉಪಚಾರಕ್ಕೆ ಇನ್ನಷ್ಟು ಬಿಗಿ ಬಂತು. ಮನೆಯಲ್ಲಿ ಮಾಡುವುದಾದರೆ ಥರ್ಮಾಮೀಟರ್ ಇಲ್ಲದೆ ಕೈ ಅಂದಾಜಿನಲ್ಲಿ ಮಾಡಬೇಡಿ. ಬಿಸಿ ಇಳಿದರೆ ಹುಳು ಬದುಕಿಕೊಳ್ಳಬಹುದು, ಏರಿದರೆ ಸಿಪ್ಪೆ ಸುಟ್ಟು ಹಣ್ಣು ಸರಿಯಾಗಿ ಮಾಗದೆ ಹೋಗಬಹುದು. ಮೈಮೇಲೆ ಚುಕ್ಕೆ ಬಿದ್ದು ಒತ್ತಿದರೆ ತಗ್ಗಾಗುವ ಕಾಯಿಗೆ ಈ ಉಪಚಾರ ದಂಡ. ಒಳಗಿನ ಹುಳು ಸಾಯಬಹುದು, ಅದು ತಿಂದ ತಿರುಳು ವಾಪಸ್ ಬರುವುದಿಲ್ಲ. ಅಂಥವನ್ನು ನೀರಿಗೆ ಹಾಕುವ ಮುಂಚೆಯೇ ಆರಿಸಿ ತೆಗೆದುಬಿಡಿ.